ಮೂರು ದಿನದ ಸೂತಕ

ನಮ್ಮಲ್ಲಿ ಕೊಟ್ಟ ಹೆಣ್ಣಿಗೆ ತವರಿನ ಸೂತಕ ಮೂರೇ ದಿನ. ನಾಲ್ಕನೆಯ ದಿನ ಬೆಳಿಗ್ಗೆ ತಲೆಗೆ ಮಿಂದರೆ ಮುಗಿಯಿತು, ಗಂಡನ ಮನೆಗೆ ಹೋಗಬಹುದು, ಕೆಲಸಕ್ಕೆ ಹೋಗಬಹುದು, ಹೊಳೆ ದಾಟಬಹುದು. ಕೊಳ್ಳಿ ಇಟ್ಟ ಮಗನಿಗೆ ಹಾಗಲ್ಲ. ಹನ್ನೆರಡು ದಿನ ಮುಗಿಯುವ ತನಕ ಅವನು ದೋಣಿ ಮುಟ್ಟುವಂತಿಲ್ಲ, ಬಲೆ ಮುಟ್ಟುವಂತಿಲ್ಲ, ಹೊಳೆ ದಾಟುವಂತಿಲ್ಲ. ಈ ನೇಮ ಮಾಡಿದ ಹಿರಿಯರಿಗೆ ಮುಂದೊಂದು ದಿನ ಶರಾವತಿಗೆ ಸೇತುವೆ ಬರುತ್ತದೆ, ಸೇತುವೆಯಾಚೆ ಪೊಲೀಸ್ ಠಾಣೆ ಇರುತ್ತದೆ, ಅಲ್ಲಿ ನನ್ನ ಅಣ್ಣ ವಾರಕ್ಕೆರಡು ಸಲ ಸಹಿ ಹಾಕಬೇಕಾಗುತ್ತದೆ ಎಂದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನಾನು ಓದಿದವಳು, ಕುಮಟೆಯ ಹೈಸ್ಕೂಲಿನಲ್ಲಿ ಪಾಠ ಮಾಡುವವಳು.

ಅಣ್ಣ ಕೊಲೆ ಮಾಡಿ ಜೈಲಿಗೆ ಹೋದವನು. ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ಹೊಳೆದಂಡೆಯ ದಕ್ಕೆಯಲ್ಲಿ ದೋಣಿ ಕಟ್ಟಿ ನಿಲ್ಲಿಸುವ ಜಾಗಕ್ಕೆ ಹುಟ್ಟಿಕೊಂಡ ಜಗಳ, ಕೈಗೆ ಸಿಕ್ಕಿದ ಮರದ ತುಂಡು, ಒಂದೇ ಏಟು. ಸತ್ತವನು ನಮ್ಮ ಕೇರಿಯವನೇ, ನಮ್ಮ ಜಾತಿಯವನೇ, ಅವನ ಹೆಂಡತಿ ಆಗ ಬಸುರಿ. ಅಣ್ಣನಿಗೆ ಇಪ್ಪತ್ತಾರು ವರ್ಷ. ನಾನು ಬಿ.ಎಡ್. ಓದುತ್ತಿದ್ದೆ. ಅವನಿಗೆ ಜೀವಾವಧಿಯಾಯಿತು, ಘಟ್ಟದ ಮೇಲಿನ ಜೈಲಿಗೆ ಒಯ್ದರು.

ಕೆಳಗೆ ಉಳಿದ ನಮಗೂ ಶಿಕ್ಷೆಯಾಯಿತು, ಅದನ್ನು ಯಾವ ಜಡ್ಜೂ ಓದಿ ಹೇಳಲಿಲ್ಲ. ಅಮ್ಮ ಮೀನು ಮಾರುವವಳು. ತುಂಬಿದ ಮೀನಿನ ಬುಟ್ಟಿಯನ್ನು ಯಾರಿಗೂ ಒಬ್ಬರೇ ತಲೆಗೆ ಏರಿಸಿಕೊಳ್ಳಲಾಗುವುದಿಲ್ಲ, ಎದುರಿಗೆ ಇನ್ನೊಬ್ಬಳು ನಿಂತು ಕೈ ಕೊಡಬೇಕು. ದಕ್ಕೆಯಲ್ಲಿ ಅಮ್ಮನಿಗೆ ಕೈ ಕೊಡುವವರು ಇಲ್ಲವಾದರು. ಆಮೇಲೆ ಅವಳು ಅರ್ಧ ಬುಟ್ಟಿಯನ್ನೇ ತುಂಬಿ, ಮೊಣಕಾಲೂರಿ ಕುಳಿತು, ತಾನೇ ಎತ್ತಿಕೊಂಡು ಏಳುತ್ತಿದ್ದಳು. ತೀರಿಹೋದ ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ಎರಡು ಮನೆ ಆಚೆ ಇದ್ದೂ ನಮ್ಮ ಅಂಗಳ ಮೆಟ್ಟಲಿಲ್ಲ. ಕೇರಿಯ ಮದುವೆ ಮುಂಜಿಗೆ ನಮಗೆ ಕರೆಯಿಲ್ಲ.

ನನ್ನ ಮದುವೆಯೂ ಸುಲಭಕ್ಕೆ ಆಗಲಿಲ್ಲ. ಕುಮಟೆಯ ಒಬ್ಬರು ಎಲ್ಲ ಗೊತ್ತಿದ್ದೂ ಒಪ್ಪಿದರು. ಆದರೆ ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಮೊದಲ ವಾರವೇ "ಅಣ್ಣ ಎಂತ ಮಾಡ್ಕಂಡಿದಾರೆ?" ಎಂದು ಯಾರೋ ಕೇಳಿದಾಗ ನನ್ನ ಬಾಯಿಗೆ ಬಂದದ್ದು "ಗಲ್ಫಲ್ಲಿದಾನೆ" ಎಂಬ ಮಾತು. ಗಲ್ಫಿನಲ್ಲಿರುವ ಅಣ್ಣ ವರ್ಷಕ್ಕೊಮ್ಮೆಯೂ ಬರುವುದಿಲ್ಲವೇ ಎಂದು ಕೇಳಿದವರಿಗೆ ಕಂಪನಿ ರಜೆ ಕೊಡುವುದಿಲ್ಲ ಎಂದೆ. ಒಂದು ರೀತಿಯಲ್ಲಿ ಅದು ನಿಜವೂ ಆಗಿತ್ತು.

ಹದಿಮೂರು ವರ್ಷ ಕಳೆದ ಮೇಲೆ ಅಮ್ಮನಿಗೆ ಹೊಟ್ಟೆಯಲ್ಲಿ ಗಡ್ಡೆಯಾಗಿ, ಡಾಕ್ಟರು ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದ ಮೇಲೆ, ಅಣ್ಣನಿಗೆ ಮೂವತ್ತು ದಿನದ ಪೆರೋಲ್ ಸಿಕ್ಕಿತು. ಜಾಮೀನಿಗೆ ನಿಂತವನು ದೊಡ್ಡಪ್ಪ. ಅಮ್ಮ ಸಾಯುತ್ತಾಳೆಂದು ಗೊತ್ತಾದದ್ದೇ ತಡ, ಅವನ ಮನಸ್ಸು ಕರಗಿತ್ತು. ಪೆರೋಲಿನ ಕಾಗದದಲ್ಲಿ ಶರತ್ತುಗಳಿದ್ದವು: ತಾಲೂಕು ಬಿಟ್ಟು ಹೋಗಬಾರದು, ಕುಡಿಯಬಾರದು, ಪ್ರತಿ ಸೋಮವಾರ ಮತ್ತು ಗುರುವಾರ ಮಧ್ಯಾಹ್ನದ ಒಳಗೆ ಠಾಣೆಗೆ ಹಾಜರಾಗಿ ಪುಸ್ತಕದಲ್ಲಿ ಸಹಿ ಹಾಕಬೇಕು.

ಬಂದ ದಿನ ಅವನು ನಮ್ಮ ಸ್ಟಾಪಿನಲ್ಲಿ ಇಳಿಯಲೇ ಇಲ್ಲ. ಹೆದ್ದಾರಿ ಅಗಲವಾಗಿ, ಗುರುತಿನ ಮರಗಳೆಲ್ಲ ಹೋಗಿ, ಭಟ್ಕಳದ ಕಡೆಗೆ ಮೂರು ಸ್ಟಾಪು ದಾಟಿ ಹೋಗಿ ನಡೆದುಕೊಂಡು ವಾಪಸು ಬಂದ. ಮನೆಯ ಬಾಗಿಲು ತೆರೆದಿದ್ದರೂ ಒಳಗೆ ಬರದೆ ನಿಂತಿದ್ದ. ಯಾರಾದರೂ "ಬಾ" ಎನ್ನಬೇಕು ಎಂದು ಕಾಯುತ್ತಿದ್ದಾನೆಂದು ನನಗೆ ಸ್ವಲ್ಪ ಹೊತ್ತಿನ ಮೇಲೆ ಹೊಳೆಯಿತು. ಅಮ್ಮ ಮಲಗಿದಲ್ಲಿಂದಲೇ ಅವನ ಕೈ ಹಿಡಿದುಕೊಂಡಳು, ಬಿಡಲೇ ಇಲ್ಲ. ಅವನು ಒಂದೇ ಕೈಯಲ್ಲಿ ಚಹಾ ಕುಡಿದ.

ಆ ಸಂಜೆ ಅವನು ನನಗೆ ಒಂದು ವಿಷಯ ಹೇಳಿದ. ಹದಿನಾಲ್ಕು ವರ್ಷ ತುಂಬುವವರಲ್ಲಿ ನಡತೆ ಒಳ್ಳೆಯದಿದ್ದವರ ಪಟ್ಟಿ ಆಗುತ್ತಿದೆ, ಅದರಲ್ಲಿ ಅವನ ಹೆಸರೂ ಇದೆ. "ಈ ಒಂದ್ ತಿಂಗ್ಳು ಸಮಾ ಕಳದ್ರೆ ಆತು ತಂಗಿ. ಮುಂದಿನ ವರ್ಷ ಕಾಯಂ ಮನೆಗೆ ಬರೂದೆ. ಒಂದು ತಪ್ಪು ಕಂಡ್ರೆ ಹೆಸರು ತೆಗೀತ್ರು, ಮತ್ತೆ ಎಷ್ಟು ವರ್ಷವೋ, ಪೆರೋಲೂ ಇಲ್ಲ."

ಮೊದಲ ಸೋಮವಾರ ಅವನು, "ನೀನೂ ಬರ್ತ್ಯಾ? ನಂಗೆ ಈಗಿನ ಪದ್ಧತಿ ಎಂತದೂ ಗೊತ್ತಿಲ್ಲ" ಎಂದು ಕೇಳಿದ. ನನಗೆ ಶಾಲೆಯಲ್ಲಿ ಇನ್‌ಸ್ಪೆಕ್ಷನ್ ಇದೆ ಎಂದೆ. ಇನ್‌ಸ್ಪೆಕ್ಷನ್ ಇರಲಿಲ್ಲ. ಸಿಟ್ಟಿತ್ತು. ಮಾಡಿದ್ದುಣ್ಣೋ ಮಹಾರಾಯ, ನಿನ್ನ ಜೊತೆ ನಾನೂ ಯಾಕೆ ಠಾಣೆಯ ಮೆಟ್ಟಿಲು ಹತ್ತಬೇಕು ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಅವನು ಒಬ್ಬನೇ ಹೋಗಿ ಬಂದ. ಹೀಗೆ ಎರಡು ವಾರಕ್ಕೆ ನಾಲ್ಕು ಸಹಿ ಹಾಕಿದ. ಠಾಣೆಯವರು ಒಳ್ಳೆಯವರು, ಕುಳಿತುಕೋ ಎನ್ನುತ್ತಾರೆ ಎಂದು ಅಮ್ಮನಿಗೆ ಹೇಳಿದನಂತೆ.

ನಾಲ್ಕನೆಯ ಸಹಿ ಹಾಕಿದ ಮರುದಿನ, ಶುಕ್ರವಾರ ಮಧ್ಯಾಹ್ನ, ಅಮ್ಮ ಹೋದಳು. ನಾನು ಬಂದು ಮುಟ್ಟುವಷ್ಟರಲ್ಲಿ ಅಂಗಳದಲ್ಲಿ ಜನ. ನಾನು ಅಳುವುದನ್ನು ಮರೆತು ಜನರನ್ನೇ ನೋಡಿದೆ. ಹದಿಮೂರು ವರ್ಷ ಆ ಅಂಗಳಕ್ಕೆ ಬಾರದವರೆಲ್ಲ ಬಂದಿದ್ದರು. ದಕ್ಕೆಯ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ಕುಳಿತಿದ್ದರು. ದೊಡ್ಡಪ್ಪ ತಾನೇ ನಿಂತು ಬಿದಿರು ಕಡಿಸುತ್ತಿದ್ದ. ಅಣ್ಣನ ಏಟಿಗೆ ಸತ್ತವನ ಮನೆಯವರನ್ನು ಬಿಟ್ಟು ಎಲ್ಲರೂ ಇದ್ದರು. ಅಮ್ಮನ ಹೆಣವನ್ನು ಎತ್ತುವಾಗ ಹೆಗಲು ಕೊಡಲು ಪೈಪೋಟಿಯೇ ನಡೆಯಿತು. ಬದುಕಿದ್ದಾಗ ಒಂದು ಬುಟ್ಟಿಗೆ ಕೈ ಕೊಡದವರು ಎಂದು ನನಗೆ ಹೊಟ್ಟೆ ಉರಿಯಿತು, ಆದರೂ ಬಂದರಲ್ಲ ಎಂದು ಸಮಾಧಾನವೂ ಆಯಿತು.

ದಹನ ಮುಗಿಸಿ ಬಂದ ಮೇಲೆ ದೊಡ್ಡಪ್ಪ ಅಂಗಳದಲ್ಲೇ ನಿಂತು ಅಣ್ಣನಿಗೆ ಹೇಳಿದ: "ನೋಡು, ಕ್ರಿಯೆಯೆಲ್ಲ ಶಿಸ್ತಿಂದ ಆಗ್ಬೇಕು. ಹನ್ನೆರಡ್ನೇ ದಿನ ಕೇರಿಯವ್ರೆಲ್ಲ ಇದೇ ಅಂಗಳದಲ್ಲಿ ಕೂತು ಉಂಡ್ರೆ ನಿಮ್ಮನೆ ಮೊದ್ಲಿನ ಹಾಗೆ ಆತು. ಒಂದು ನೇಮ ತಪ್ಪಿದ್ರೂ ಬಾಯಿ ಮಾಡೂವವ್ರು ಇದಾರೆ."

ಅಣ್ಣ ಸೋಮವಾರದ ಸಹಿಯ ಮಾತು ಎತ್ತಿದ. ದೊಡ್ಡಪ್ಪ ಗಾಬರಿಯಾದ. "ಕೊಳ್ಳಿ ಇಟ್ಟವ ಹೊಳೆ ದಾಟೂದು ಹೇಗೆ? ಅವ್ರೂ ಮನುಷ್ರೇ, ತಾಯಿ ಸತ್ತಿದಾಳೆ ಅಂದ್ರೆ ಕೇಳೂದಿಲ್ವಾ? ಒಂದು ಪತ್ರ ಬರ್ದು ಕಳಿಸು."

ಕಳಿಸುವುದು ಯಾರ ಕೈಯಲ್ಲಿ? ದೊಡ್ಡಪ್ಪನ ಮನೆಯವರಿಗೂ ಸೂತಕ. ಹೊರಗಿನವರಿಗೆ ಪೊಲೀಸು ಎಂದರೆ ಹೆದರಿಕೆ. ಹೊಳೆ ದಾಟಬಹುದಾದವಳು ನಾನೊಬ್ಬಳೇ, ನಾಲ್ಕನೆಯ ದಿನ, ಅದೂ ಸರಿಯಾಗಿ ಸೋಮವಾರ. ಭಾನುವಾರ ಅಣ್ಣ ನೆಲದ ಮೇಲೆ ಕುಳಿತು ಪತ್ರ ಬರೆದ. ಜೈಲಿನಲ್ಲಿ ಅವನ ಅಕ್ಷರ ದುಂಡಗಾಗಿತ್ತು. ತಾಯಿ ತೀರಿಕೊಂಡದ್ದು, ಹನ್ನೆರಡು ದಿನ ಹೊಳೆ ದಾಟಲಾಗದ ಪದ್ಧತಿ, ಅಲ್ಲಿಯ ತನಕದ ಸಹಿಗಳಿಗೆ ವಿನಾಯಿತಿ ಕೊಡಬೇಕೆಂಬ ಕೋರಿಕೆ, ಎಲ್ಲ ಅಚ್ಚುಕಟ್ಟಾಗಿ ಬರೆದು ಡಾಕ್ಟರ ಚೀಟಿಯ ಝೆರಾಕ್ಸ್ ಜೊತೆಗಿಟ್ಟ. "ಕೈಯಲ್ಲೇ ಕೊಡು, ಕೊಟ್ಟಿದ್ದಕ್ಕೆ ಇನ್ನೊಂದು ಪ್ರತಿಗೆ ಸೀಲ್ ಹಾಕಿಸ್ಕಂಡು ಬಾ" ಎಂದು ಎರಡೆರಡು ಸಲ ಹೇಳಿದ.

ಸೋಮವಾರ ಬೆಳಿಗ್ಗೆ ಮಿಂದು, ಪತ್ರವನ್ನು ಬ್ಯಾಗಿಗೆ ಹಾಕಿಕೊಂಡು, ಸೇತುವೆ ದಾಟಿ ಹೊನ್ನಾವರದಲ್ಲಿ ಬಸ್ಸಿಳಿದು ಠಾಣೆಯ ಗೇಟಿನ ತನಕ ಹೋದೆ. ಇದು ಸುಳ್ಳಲ್ಲ. ಗೇಟಿನ ಒಂದು ಬದಿಯನ್ನು ಕೈಯಲ್ಲಿ ಹಿಡಿದಿದ್ದೆ. ಒಳಗಿನಿಂದ ಒಬ್ಬರು ಹೊರಗೆ ಬರುತ್ತಿದ್ದರು. ನಮ್ಮ ಶಾಲೆಯ ಪಾಲಕರ ಸಮಿತಿಯವರು, ಅವರ ಮಗಳು ನನ್ನ ತರಗತಿಯಲ್ಲೇ ಇದ್ದಾಳೆ. ಅವರ ಗಾಡಿ ಎಲ್ಲೋ ತಾಗಿ ಕೇಸಾಗಿತ್ತಂತೆ. ನನ್ನನ್ನು ಕಂಡು, "ಏನ್ ಟೀಚರೇ, ನೀವಿಲ್ಲಿ?" ಎಂದರು.

"ಪೋಸ್ಟ್ ಆಫೀಸಿಗೆ ಬಂದಿದ್ದೆ" ಎಂದೆ.

"ಪೋಸ್ಟ್ ಆಫೀಸು ಆ ಬದಿಗೆ ಅಲ್ವಾ? ಬನ್ನಿ, ನಾನೂ ಅತ್ಲಾಗೇ ಹೋಗೂದು" ಎಂದು ಅವರು ನನ್ನ ಜೊತೆಗೇ ನಡೆದರು. ದಾರಿಯುದ್ದಕ್ಕೂ ಮಗಳ ಗಣಿತದ ಅಂಕಗಳ ಬಗ್ಗೆ ಮಾತಾಡಿದರು. ಪೋಸ್ಟ್ ಆಫೀಸಿನ ಬಾಗಿಲಲ್ಲಿ ನನ್ನನ್ನು ಬಿಟ್ಟು, ಎದುರಿನ ಹೋಟೆಲಿಗೆ ಹೋಗಿ ರಸ್ತೆಗೆ ಮುಖ ಮಾಡಿ ಕುಳಿತರು. ನಾನು ತಿರುಗಿ ಠಾಣೆಗೆ ಹೋಗಬೇಕೆಂದರೆ ಅವರ ಕಣ್ಣೆದುರೇ ಹೋಗಬೇಕು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಎನ್ನುತ್ತಾರಲ್ಲ, ಹಾಗೆ ಅವರು ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಪಾಪ, ಅವರು ಬನ್ಸ್ ತಿನ್ನುತ್ತಿದ್ದರು ಅಷ್ಟೆ.

ಒಳಗೆ ಹೋಗಿ ಲಕೋಟೆ ಕೊಂಡೆ. ಠಾಣಾಧಿಕಾರಿಗಳಿಗೆ ಎಂದು ವಿಳಾಸ ಬರೆದೆ. ಕೌಂಟರಿನವಳು "ಸ್ಪೀಡ್ ಪೋಸ್ಟಾ, ಸಾದಾನಾ?" ಎಂದಳು. ಸ್ಪೀಡ್ ಪೋಸ್ಟಾದರೆ ಕಳಿಸುವವರ ಹೆಸರು, ಮೊಬೈಲ್ ನಂಬರು ಬರೆಯಬೇಕು. ಪೊಲೀಸ್ ಠಾಣೆಯ ವಿಳಾಸದ ಕೆಳಗೆ ನನ್ನ ಹೆಸರು. "ಸಾದಾ" ಎಂದೆ. ಇದೇ ಊರು, ಇನ್ನೂರು ಮೀಟರೂ ಇಲ್ಲ, ನಾಳೆಯೇ ಮುಟ್ಟುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನಾಳೆ ಮುಟ್ಟಿದರೆ ಇವತ್ತಿನ ಸಹಿಯ ಗತಿಯೇನು ಎಂದು ಕೇಳಿಕೊಳ್ಳಲಿಲ್ಲ.

ಕುಮಟೆಯ ಬಸ್ಸಿನಲ್ಲಿರುವಾಗ ಅಣ್ಣನ ಫೋನು ಬಂತು, ದೊಡ್ಡಪ್ಪನ ಮಗನ ಮೊಬೈಲಿನಿಂದ.

"ಕೊಟ್ಯಾ?"

"ಕೊಟ್ಟೆ."

"ಎಂತ ಅಂದ್ರು?"

"ಆತು ಅಂದ್ರು."

ಅವನು ಉಸಿರು ಬಿಟ್ಟದ್ದು ಕೇಳಿಸಿತು. ಸೀಲಿನ ವಿಷಯ ಕೇಳುತ್ತಾನೆಂದು ಹೆದರಿ, ಬಸ್ಸಿನಲ್ಲಿ ಗಲಾಟೆ, ಆಮೇಲೆ ಮಾತಾಡುತ್ತೇನೆ ಎಂದು ಇಟ್ಟುಬಿಟ್ಟೆ.

ಗುರುವಾರ ಬೆಳಿಗ್ಗೆ ಮತ್ತೆ ಫೋನು ಮಾಡಿದ. ದನಿಯಲ್ಲಿ ಅಳುಕಿತ್ತು. "ಇವತ್ತಿಂದೂ ಸೇರಿ ಹೇಳಿದ್ಯಲ್ಲ ತಂಗಿ? ಯಾಕೋ ಮನಸ್ಸು ತಡೀತಿಲ್ಲ. ಹೋಗಿ ಸಹಿ ಹಾಕಿ ಬಂದ್ಬಿಡ್ಲಾ ಅಂತ. ದೊಡ್ಡಪ್ಪಂಗೆ ಗೊತ್ತಾಗ್ದೆ ಹೋದ್ರಾತು."

ಹೋಗು ಎಂಬ ಒಂದು ಮಾತು ಸಾಕಿತ್ತು. ಅವನು ಹೋದರೆ ಪತ್ರ ಕೊಟ್ಟಿಲ್ಲ ಎಂದು ಅಲ್ಲಿಯೇ ಗೊತ್ತಾಗುತ್ತದೆ ಎಂಬುದು ಒಂದೇ ನನ್ನ ತಲೆಯಲ್ಲಿತ್ತು. "ಹನ್ನೆರಡು ದಿನಕ್ಕೂ ಸೇರಿ ನೀನೇ ಬರ್ದಿದ್ಯಲ್ಲ! ಈಗ ಹೋಗಿ ಅಮ್ಮನ ಕ್ರಿಯೆ ಕೆಡಸ್ತ್ಯಾ? ಇಷ್ಟು ವರ್ಷ ಕೆಡಸಿದ್ದು ಸಾಲ್ದಾ?" ಎಂದೆ. ಸ್ಟಾಫ್ ರೂಮಿನ ಹೊರಗೆ ನಿಂತು, ದನಿ ತಗ್ಗಿಸಿ, ಹಲ್ಲು ಕಚ್ಚಿಕೊಂಡು ಆಡಿದ ಮಾತು. ಅವನು "ಹೌದು, ಹೌದು" ಎಂದ.

ಶುಕ್ರವಾರ ಜೀಪು ಬಂತು. ಎಂಟನೆಯ ದಿನದ ಪಿಂಡಕ್ಕೆ ಅನ್ನ ಬೇಯುತ್ತಿದ್ದ ಹೊತ್ತು. ಎರಡು ಸಲ ಗೈರುಹಾಜರಿ ಎಂದು ಗುರುವಾರ ಸಂಜೆಯೇ ವರದಿ ಹೋಗಿ, ಹಿಡಿದು ವಾಪಸು ಕಳಿಸಿ ಎಂದು ಆದೇಶವಾಗಿತ್ತು. ನಾನು ಅಲ್ಲಿರಲಿಲ್ಲ, ಎಲ್ಲ ದೊಡ್ಡಪ್ಪನಿಂದ ಕೇಳಿದ್ದು. ಬಂದ ಹಿರಿಯ ಪೊಲೀಸಿನವರು ಅಂಗಳದ ಹೊರಗೇ ಬೂಟು ಕಳಚಿಟ್ಟರಂತೆ. ಬೋಳಿಸಿದ ತಲೆ, ಒದ್ದೆ ಪಂಚೆ ನೋಡಿ ಅವರ ಮುಖ ಸಣ್ಣದಾಯಿತಂತೆ.

"ತಾಯಿ ಸತ್ತಿದ್ದು ಯಾಕೆ ತಿಳಿಸ್ಲಿಲ್ಲ ತಮ್ಮಾ?"

"ಪತ್ರ ಕಳಿಸಿದ್ದೆ ಸಾಹೇಬ್ರೇ."

"ಎಂತ ಪತ್ರವೂ ಬರ್ಲಿಲ್ಲ. ಯಾರ ಕೈಲಿ ಕಳಿಸಿದ್ದು?"

ದೊಡ್ಡಪ್ಪ ಬಾಯಿ ತೆರೆಯುವಷ್ಟರಲ್ಲಿ ಅಣ್ಣ ಅವನ ಕೈ ಅದುಮಿ, ಬೇಡ ಎಂಬಂತೆ ತಲೆ ಆಡಿಸಿದನಂತೆ. ಆಗ ಆ ಪೊಲೀಸಿನವರು ಹೇಳಿದ ಮಾತನ್ನು ದೊಡ್ಡಪ್ಪ ನನಗೆ ಹೇಳುವಾಗ ಅತ್ತುಬಿಟ್ಟ: "ಯಾರಾದ್ರೂ ಬಂದು ಬಾಯಲ್ಲಿ ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲೋ. ಪುಸ್ತಕಾನೇ ಇಲ್ಲಿಗೆ ತಂದು ಸಹಿ ಹಾಕಿಸ್ಕಂಡು ಹೋಗ್ತಿದ್ವಿ. ನೀನು ಹೊಳೆ ದಾಟೂದೇ ಬ್ಯಾಡಾಗಿತ್ತು."

ಅದೇ ಒದ್ದೆ ಪಂಚೆಯ ಮೇಲೆ ಅಂಗಿ ಹಾಕಿಸಿ ಕರೆದುಕೊಂಡು ಹೋದರು. ಜೀಪು ಸೇತುವೆ ಹತ್ತಿತು, ಅವನು ಹೊಳೆ ದಾಟಿದ. ಉಳಿದ ದಿನಗಳ ಕ್ರಿಯೆಯನ್ನು ದೊಡ್ಡಪ್ಪನ ಮಗ ಮಾಡಿದ. ಅಂಗಳಕ್ಕೆ ಪೊಲೀಸರು ಬಂದ ಮನೆಯಲ್ಲಿ ಹನ್ನೆರಡನೆಯ ದಿನ ಉಣ್ಣಲು ಬಂದವರು ಎಂಟೋ ಒಂಬತ್ತೋ ಜನ. ಮಾಡಿದ ಅನ್ನ ದೊಡ್ಡ ಹಂಡೆಯಲ್ಲಿ ಹಾಗೇ ಉಳಿಯಿತು. ಸಂಜೆ ನಾನೇ ಅದನ್ನು ಹೊಳೆಗೆ ಸುರಿದು ಬಂದೆ.

ನಾನು ಅಂಚೆಗೆ ಹಾಕಿದ ಪತ್ರ ಗುರುವಾರವೇ ಠಾಣೆಗೆ ಮುಟ್ಟಿತ್ತು, ಟಪಾಲಿನ ರಾಶಿಯಲ್ಲಿತ್ತು, ಶನಿವಾರ ಒಡೆದರು ಎಂದು ನನಗೆ ತಿಳಿದದ್ದು ಮೂರು ತಿಂಗಳ ಮೇಲೆ. ಜಾಮೀನಿಗೆ ನಿಂತ ದೊಡ್ಡಪ್ಪನಿಗೆ ನೋಟಿಸು ಬಂತು, ಜೊತೆಗೆ ವಿಚಾರಣೆಯ ಆದೇಶದ ಪ್ರತಿ. ದೊಡ್ಡಪ್ಪನಿಗೆ ಓದಲು ಬರುವುದಿಲ್ಲ, ನನ್ನನ್ನು ಕರೆಸಿದ. ನಾನು ಜಗಲಿಯಲ್ಲಿ ಕುಳಿತು ಗಟ್ಟಿಯಾಗಿ ಓದಲು ಶುರುಮಾಡಿದೆ. ಬಂದಿಯು ಎರಡು ಬಾರಿ ಹಾಜರಾಗಿರುವುದಿಲ್ಲ. ವಿನಾಯಿತಿ ಕೋರಿದ ಪತ್ರ ತಡವಾಗಿ ಅಂಚೆಯ ಮೂಲಕ ಬಂದಿರುತ್ತದೆ. ಸದರಿ ಪತ್ರವನ್ನು ತಾನೇ ಸ್ವತಃ ಹೊನ್ನಾವರಕ್ಕೆ ಬಂದು ಅಂಚೆಗೆ ಹಾಕಿರುವುದಾಗಿ ಬಂದಿಯು ಒಪ್ಪಿಕೊಂಡಿರುತ್ತಾನೆ. ಇಲ್ಲಿಗೆ ನನ್ನ ದನಿ ನಿಂತಿತು. ಮುಂದಿನದನ್ನು ಕಣ್ಣಲ್ಲೇ ಓದಿದೆ: ಅಂಚೆ ಕಚೇರಿಯ ತನಕ ಬಂದವನಿಗೆ ಠಾಣೆಗೆ ಬರಲು ಯಾವ ಅಡ್ಡಿಯೂ ಇರಲಿಲ್ಲವಾದ್ದರಿಂದ, ಸೂತಕದಲ್ಲಿ ಹೊಳೆ ದಾಟಲಾಗದೆಂಬ ಕಾರಣ ಸುಳ್ಳೆಂದು ಕಂಡುಬರುತ್ತದೆ. ಬಿಡುಗಡೆಯ ಪಟ್ಟಿಯಿಂದ ಹೆಸರನ್ನು ಕೈಬಿಡಲಾಗಿದೆ.

"ಎಂತ ಬರದ್ರು ಮಗಾ?" ಎಂದು ದೊಡ್ಡಪ್ಪ ಕೇಳಿದ. ಹೆಸರು ತೆಗೆದರಂತೆ ಎಂದಷ್ಟೇ ಹೇಳಿದೆ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಗಂಡನಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ, ಕುಮಟೆಯ ವಕೀಲರೊಬ್ಬರ ಹತ್ತಿರ ಕರೆದುಕೊಂಡು ಹೋದರು. ವಕೀಲರು ಆದೇಶವನ್ನು ಎರಡು ಸಲ ಓದಿ, "ಗೈರುಹಾಜರಿಯನ್ನು ಬೇಕಾದರೆ ಕ್ಷಮಿಸುತ್ತಾರೆ, ಸುಳ್ಳು ಹೇಳಿದ ಎಂಬುದೇ ಇಲ್ಲಿ ಕುತ್ತಿಗೆಗೆ ಬಂದದ್ದು. ಪೋಸ್ಟ್ ಮಾಡಿದವರು ನೀವು, ಅವನು ಹೊಳೆ ದಾಟಿರಲಿಲ್ಲ ಎಂದು ನೀವು ಹೇಳಿಕೆ ಕೊಟ್ಟರೆ ಮರುಪರಿಶೀಲನೆಗೆ ಹಾಕಬಹುದು" ಎಂದರು. ಹೇಳಿಕೆಯನ್ನು ಅವರೇ ಟೈಪು ಮಾಡಿಸಿದರು. ಅದರಲ್ಲಿ ನನ್ನ ಹೆಸರು, ವಯಸ್ಸು, ನನ್ನ ಶಾಲೆಯ ಹೆಸರು, ಕೊಲೆ ಅಪರಾಧಿಯ ಸ್ವಂತ ತಂಗಿ ಎಂಬ ಸಾಲು, ಎಲ್ಲ ಇತ್ತು. ವಿಚಾರಣೆಗೆ ಕರೆದರೆ ಶಾಲೆಗೇ ಕಾಗದ ಬರುತ್ತದಾ ಎಂದು ಕೇಳಿದೆ. ಬರಬಹುದು ಎಂದರು. ಅಣ್ಣನನ್ನು ಒಂದು ಮಾತು ಕೇಳಿ ಬರುತ್ತೇನೆ ಎಂದು ಎದ್ದೆ.

ಘಟ್ಟ ಹತ್ತಿ ಜೈಲಿಗೆ ಹೋದದ್ದು ಅದೇ ಮೊದಲು. ಹದಿಮೂರು ವರ್ಷ ಅಮ್ಮನೇ ಹೋಗಿ ಬರುತ್ತಿದ್ದಳು, ಒಣಮೀನು ಕಟ್ಟಿಕೊಂಡು, ಅದನ್ನು ಒಳಗೆ ಬಿಡುವುದಿಲ್ಲ ಎಂದು ಗೊತ್ತಿದ್ದೂ. ಕಬ್ಬಿಣದ ಜಾಳಿಗೆಯ ಆಚೆ ಅಣ್ಣ ಬಂದು ನಿಂತ. ತಲೆಯ ಕೂದಲು ಅರ್ಧ ಬೆಳೆದಿತ್ತು, ಬಹಳ ನರೆತಿತ್ತು. ನಾನು ಮಾತು ಶುರುಮಾಡುವ ಮೊದಲೇ ಅವನು ಕೇಳಿದ್ದು, ಹನ್ನೆರಡರ ಊಟಕ್ಕೆ ಎಷ್ಟು ಜನ ಬಂದಿದ್ದರು ಎಂದು. "ಎಲ್ಲರೂ ಬಂದಿದ್ರು" ಎಂದೆ. ಅವನ ಮುಖ ಅರಳಿತು.

"ಯಾಕೆ ನೀನೇ ಪೋಸ್ಟ್ ಮಾಡಿದ್ದು ಅಂದೆ?" ಎಂದು ಕೇಳಿದೆ.

"ವಿಚಾರಣೆಲಿ ಲಕೋಟೆ ತೋರ್ಸಿದ್ರು, ಅದ್ರ ಮೇಲೆ ನಿನ್ನ ಅಕ್ಷರ ಕಂಡೆ. ನಿನ್ನ ಹೆಸರು ಹೇಳಿದ್ರೆ ನಿನ್ನ ಕರೀತಿದ್ರು." ಅದನ್ನು ಅವನು ಬಸ್ಸು ಎಷ್ಟು ಗಂಟೆಗೆ ಎಂದು ಹೇಳುವಷ್ಟು ಸಾದಾ ದನಿಯಲ್ಲಿ ಹೇಳಿದ.

ನನಗೆ ಅಳು ಬಂತು. "ನಾ ಹೇಳಿಕೆ ಕೊಡ್ತೆ ಅಣ್ಣ. ವಕೀಲ್ರು ಬರ್ಸಿದಾರೆ. ಕೊಟ್ರೆ ಮತ್ತೆ ಪಟ್ಟಿಗೆ ಹಾಕಬಹುದಂತೆ."

ಅವನು ಎರಡೂ ಕೈಯಲ್ಲಿ ಜಾಳಿಗೆ ಹಿಡಿದುಕೊಂಡ. ಅವನಿಗೆ ಎಷ್ಟು ಆಸೆಯಾಯಿತು ಎಂಬುದು ಮುಖದಲ್ಲಿ ಕಂಡಿತು, ಅದನ್ನು ನಾನು ನೋಡಿಲ್ಲ ಎಂದು ಹೇಳಲಾರೆ. ಆಮೇಲೆ, "ಬ್ಯಾಡ ತಂಗಿ. ನಿನ್ನ ಶಾಲೆ, ನಿನ್ನ ಮನೆ. ನಂಗಿಲ್ಲಿ ರೂಢಿ ಆಗಿದೆ" ಎಂದ.

ಅವನು ಬ್ಯಾಡ ಎಂದ ಕೂಡಲೇ ನನ್ನ ಎದೆ ಹಗುರಾಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಅದೇ. ಇಲ್ಲ, ಕೊಟ್ಟೇ ಕೊಡುತ್ತೇನೆ ಎಂದು ನಾನು ಹಟ ಮಾಡಬೇಕಿತ್ತು, ಅವನು ಅದಕ್ಕೇ ಕಾಯುತ್ತಿದ್ದನೋ ಏನೋ. ನಾನು "ಆತು" ಎಂದೆ.

ಈ ವರ್ಷದ ಪಟ್ಟಿಯಲ್ಲಿ ಅವನ ಜೊತೆಯವರಿಬ್ಬರು ಬಿಡುಗಡೆಯಾದರು. ವಕೀಲರು ಟೈಪು ಮಾಡಿಸಿದ ಹೇಳಿಕೆ ನಮ್ಮ ಕಪಾಟಿನಲ್ಲಿದೆ. ಮಾತು ಒಂದೂ ತಪ್ಪಿಲ್ಲ, ಎಲ್ಲ ಸರಿಯಾಗಿದೆ. ನನ್ನ ಸಹಿ ಒಂದು ಬಿದ್ದಿಲ್ಲ.